ಎಲ್ಲದಕ್ಕೂ ದೊಡ್ಡಾಸ್ಪತ್ರೆಗೇ ಹೋಗುವುದಾದರೆ ಸಮುದಾಯ ಆರೋಗ್ಯ ಕೇಂದ್ರ ಯಾಕೆ ಬೇಕು?

ಮಳೆಹನಿ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ತಿಳಿದವರು ಹೇಳಿ.

ಅಪ್ಪನಿಗೆ 71 ವರ್ಷ. ಬಿಪಿ ಏರಿ, ಉಸಿರು ಕಟ್ಟಿದ ಹಾಗಾಗಿ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಐದು ದಿನ ಚೆನ್ನಾಗಿಯೇ ನೋಡಿಕೊಂಡರು. ಹೊಸ ಮಾತ್ರೆ ಬರೆದು ಮನೆಗೆ ಕಳಿಸಿದರು. ಮನೆಯಲ್ಲಿ ಹಳೇ ಮಾತ್ರೆ ಡಬ್ಬಿ ಇತ್ತು. ಅಪ್ಪ ಹಳೆಯದನ್ನೂ ನುಂಗಿದರು, ಹೊಸದನ್ನೂ ನುಂಗಿದರು. ನಮಗೂ ಅದು ತಪ್ಪು ಅಂತ ಅನಿಸಲಿಲ್ಲ. ಮೂರು ವಾರ ಆಗುವಷ್ಟರಲ್ಲಿ ಬೆಳಿಗ್ಗೆ ಎದ್ದವರು ತಲೆ ಸುತ್ತಿ ಬಚ್ಚಲಲ್ಲಿ ಬಿದ್ದರು. ಹಣೆಗೆ ಏಳು ಹೊಲಿಗೆ.

ಡ್ರೆಸ್ಸಿಂಗ್ ಮಾಡಿಸಲು ದೂರ ಹೋಗುವುದು ಬೇಡ ಅಂತ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹತ್ತು ನಿಮಿಷದ ದಾರಿ. ಇಷ್ಟು ವರ್ಷ ಅಲ್ಲಿಗೆ ಕಾಲಿಟ್ಟಿರಲಿಲ್ಲ, "ಅಲ್ಲೇನಿದೆ" ಅನ್ನುವ ಭಾವನೆ. ಅಲ್ಲಿನ ನರ್ಸ್ ಬಿಪಿ ನೋಡಿದರು. ಕೂತಾಗ ಒಂದು ಸಲ, ನಿಲ್ಲಿಸಿ ಇನ್ನೊಂದು ಸಲ. ಆಮೇಲೆ, "ಮನೆಯಲ್ಲಿರುವ ಎಲ್ಲಾ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಂಡು ನಾಳೆ ಬನ್ನಿ" ಅಂದರು. ಮರುದಿನ ಚೀಲವನ್ನು ಮೇಜಿನ ಮೇಲೆ ಸುರಿದು, ಒಂದೊಂದೇ ಸ್ಟ್ರಿಪ್ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದುತ್ತಾ ಹೋದರು. ಎರಡು ಸ್ಟ್ರಿಪ್ ಪಕ್ಕಕ್ಕಿಟ್ಟು ನನಗೆ ತೋರಿಸಿದರು. ಬಣ್ಣ ಬೇರೆ, ಹೆಸರು ಬೇರೆ. ಕೆಳಗೆ ಎರಡರಲ್ಲೂ ಟೆಲ್ಮಿಸಾರ್ಟನ್, ಬಿಪಿ ಇಳಿಸುವ ಔಷಧಿ. ಅಪ್ಪ ಮೂರು ವಾರದಿಂದ ಒಂದೇ ಮಾತ್ರೆಯನ್ನು ಎರಡು ಪಟ್ಟು ತಗೊಳ್ಳುತ್ತಿದ್ದರು. ನರ್ಸ್ ಒಳಗೆ ಹೋಗಿ ಡಾಕ್ಟರಿಗೆ ತೋರಿಸಿ, ಯಾವುದು ನಿಲ್ಲಿಸಬೇಕು ಅಂತ ಬರೆಸಿಕೊಟ್ಟರು.

ನಾನು ಇಷ್ಟು ದಿನ ಆರೋಗ್ಯ ಕೇಂದ್ರ ಅಂದರೆ ಸಣ್ಣ ಆಸ್ಪತ್ರೆ, ಸಣ್ಣ ಕಾಯಿಲೆಗೆ ಹೋಗುವ ಜಾಗ ಅಂದುಕೊಂಡಿದ್ದೆ. ಅದರ ನಿಜವಾದ ಕೆಲಸ ಏನು? ಯಾವುದಕ್ಕೆ ಅಲ್ಲಿಗೆ ಹೋಗಬೇಕು, ಯಾವುದಕ್ಕೆ ನೇರ ದೊಡ್ಡಾಸ್ಪತ್ರೆಗೆ?

ಸಿಸ್ಟರ್22:

ನಿಮ್ಮ ಅಪ್ಪ ಈಗ ಹುಷಾರಾಗಿದ್ದಾರೆ ಅಂದುಕೊಳ್ಳುತ್ತೇನೆ. ನಾನು 22 ವರ್ಷದಿಂದ ಇಂಥದ್ದೇ ಒಂದು ಕೇಂದ್ರದಲ್ಲಿ ನರ್ಸ್. ಮಾತ್ರೆ ಚೀಲದ ವಿಷಯ ಓದಿ ತುಂಬಾ ಖುಷಿಯಾಯಿತು. ನಾವೂ ಹಾಗೇ ಕೇಳುತ್ತೇವೆ. "ಯಾವ ಮಾತ್ರೆ ತಗೊಳ್ತೀರಿ" ಅಂದರೆ ಜನ ನೆನಪಿದ್ದದ್ದನ್ನು ಹೇಳುತ್ತಾರೆ. ಚೀಲ ತಂದರೆ ಇದ್ದದ್ದೆಲ್ಲಾ ಕಾಣುತ್ತದೆ.

ನಮ್ಮ ಕೆಲಸ ಹೊರಗಿನವರಿಗೆ ಕಾಣುವುದು ಕಡಿಮೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಾನು ಮೊದಲು ನೋಡುವುದು ಲಸಿಕೆ ಫ್ರಿಜ್ಜಿನ ಥರ್ಮಾಮೀಟರ್. 2ರಿಂದ 8 ಡಿಗ್ರಿ ಒಳಗೆ ಇರಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರೆದಿಡಬೇಕು. ರಜಾ ದಿನವೂ ಯಾರಾದರೂ ಬಂದು ನೋಡಲೇಬೇಕು. ಕೆಲವು ಲಸಿಕೆಗೆ ಬಿಸಿ ಆಗಲ್ಲ, ಕೆಲವಕ್ಕೆ ಹೆಪ್ಪುಗಟ್ಟಿದರೆ ಆಗಲ್ಲ. ಕೆಟ್ಟುಹೋದ ಲಸಿಕೆ ಮೇಲಿಂದ ನೋಡಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಗುವಿಗೆ ಸೂಜಿ ಚುಚ್ಚಿದ್ದಷ್ಟೇ ಉಳಿಯುತ್ತದೆ, ರಕ್ಷಣೆ ಸಿಕ್ಕಿರುವುದಿಲ್ಲ.

ಆಮೇಲೆ ರಿಜಿಸ್ಟರ್. ಗರ್ಭಿಣಿಯರನ್ನು ಕನಿಷ್ಠ 8 ಸಲ ನೋಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು, ಅದಕ್ಕೂ ಮೊದಲು 4 ಇತ್ತು. ಪ್ರತಿ ಸಲ ಬಿಪಿ, ತೂಕ, ಬೇಕಾದಾಗ ರಕ್ತ, ಮೂತ್ರ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅದನ್ನು ಮೂರನೇ ತಿಂಗಳಲ್ಲಿ ಹಿಡಿದರೆ ಸರಿಪಡಿಸಲು ಸಮಯ ಇರುತ್ತದೆ. ಹೆರಿಗೆ ಮೇಜಿನ ಮೇಲೆ ಗೊತ್ತಾದರೆ ದೊಡ್ಡ ಆಸ್ಪತ್ರೆಯೂ ರಕ್ತದ ಬಾಟಲಿಗೆ ಓಡಬೇಕು. ಕ್ಷಯ ರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಎರಡು ತಿಂಗಳಿಗೇ ಕೆಮ್ಮು ನಿಂತು, ಮೈಗೆ ಬಲ ಬಂದು, ಹುಷಾರಾದೆ ಅಂತ ಅನಿಸುತ್ತದೆ. ಜನ ಔಷಧಿ ಬಿಡುವುದು ಆಗಲೇ.

ಯಾವುದಾದರೂ ಹೆಸರಿನ ಮುಂದೆ ಚೌಕ ಖಾಲಿ ಉಳಿದರೆ ನನಗೆ ಸಮಾಧಾನ ಇರುವುದಿಲ್ಲ. ಫೋನ್ ಮಾಡುತ್ತೇನೆ. ಎತ್ತದಿದ್ದರೆ ಯಾರನ್ನಾದರೂ ಮನೆಗೆ ಕಳಿಸುತ್ತೇನೆ. ದೊಡ್ಡಾಸ್ಪತ್ರೆಗೆ ಬರದೇ ಹೋದವರು ಯಾರು ಅಂತ ಗೊತ್ತಾಗುವ ದಾರಿಯೇ ಇಲ್ಲ, ಅಲ್ವಾ? ನಮಗೆ ಗೊತ್ತಾಗುತ್ತದೆ.

ಹಳೇಪುಟ:

ಸಿಸ್ಟರ್ ಹೇಳಿದ್ದಕ್ಕೆ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ. ಈ ವಿಷಯ ಓದುವುದು ನನಗೆ ಇಷ್ಟ.

1961ರಲ್ಲಿ ಕೆರ್ ವೈಟ್ ಅನ್ನುವ ವೈದ್ಯರು, ಇನ್ನಿಬ್ಬರ ಜೊತೆ, ಒಂದು ಸರಳ ಲೆಕ್ಕ ಮುಂದಿಟ್ಟರು. ಅಮೆರಿಕ ಮತ್ತು ಬ್ರಿಟನ್ನಿನ ಮಾಹಿತಿ ಇಟ್ಟುಕೊಂಡು ಮಾಡಿದ್ದು. 1,000 ವಯಸ್ಕರನ್ನು ತಗೊಳ್ಳಿ. ಒಂದು ತಿಂಗಳಲ್ಲಿ ಅವರಲ್ಲಿ 750 ಜನರಿಗೆ ಏನಾದರೊಂದು ಆರೋಗ್ಯದ ತೊಂದರೆ ಕಾಣಿಸುತ್ತದೆ. 250 ಜನ ವೈದ್ಯರ ಹತ್ತಿರ ಹೋಗುತ್ತಾರೆ. 9 ಜನ ಆಸ್ಪತ್ರೆ ಸೇರುತ್ತಾರೆ. ದೊಡ್ಡ ಬೋಧನಾ ಆಸ್ಪತ್ರೆ ತಲುಪುವುದು ಒಬ್ಬರು. ಅಂದರೆ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವುದು ಆ ಒಬ್ಬರನ್ನು ನೋಡಿ. ಹಣ, ಯಂತ್ರ, ಹೆಸರು ಎಲ್ಲಾ ಆ ಒಬ್ಬರು ಇರುವ ಕಡೆಗೇ ಹರಿಯುತ್ತದೆ. ಉಳಿದ 249 ಜನರನ್ನು ನೋಡುವವರು ಯಾರು ಅನ್ನುವುದೇ ಪ್ರಶ್ನೆ.

ಹೆಸರಿನ ಬಗ್ಗೆ ಒಂದು ಮಾತು. "ಸಮುದಾಯ ಆರೋಗ್ಯ ಕೇಂದ್ರ" ಅಂದರೆ ಎಲ್ಲಾ ಕಡೆ ಒಂದೇ ಅಲ್ಲ. ಭಾರತದ ನಿಯಮದಲ್ಲಿ ಅದು 30 ಹಾಸಿಗೆಯ, ತಜ್ಞರಿರಬೇಕಾದ ಕೇಂದ್ರ. ಸುಮಾರು ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ. ಅಮೆರಿಕದಲ್ಲಿ ಅದೇ ಹೆಸರಿನ ಕೇಂದ್ರದಲ್ಲಿ ಹಾಸಿಗೆ ಇರುವುದಿಲ್ಲ, ವರಮಾನ ನೋಡಿ ಶುಲ್ಕ ಕಡಿಮೆ ಮಾಡುವ ಹೊರರೋಗಿ ಕೇಂದ್ರ ಅದು. ಆದರೆ ಎರಡೂ ಕಡೆ ಜನರ ಹತ್ತಿರ ಇರಬೇಕು, ಮೇಲಿನ ಆಸ್ಪತ್ರೆಗೆ ಕೊಂಡಿ ಆಗಬೇಕು ಅನ್ನುವುದು ಒಂದೇ.

ಈ ಮೆಟ್ಟಿಲಿನ ಯೋಚನೆ ಹಳೆಯದು. 1920ರಲ್ಲೇ ಬ್ರಿಟನ್ನಿನಲ್ಲಿ ಡಾಸನ್ ವರದಿ ಪ್ರಾಥಮಿಕ ಕೇಂದ್ರ, ಅದರ ಮೇಲೆ ಎರಡನೇ ಹಂತದ ಕೇಂದ್ರ, ಅದರ ಮೇಲೆ ಬೋಧನಾ ಆಸ್ಪತ್ರೆ ಅಂತ ಚಿತ್ರ ಬರೆದಿತ್ತು. ಭಾರತದಲ್ಲಿ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಿದ ಭೋರ್ ಸಮಿತಿ 1946ರಲ್ಲಿ ಹೇಳಿದ್ದೂ ಇಂಥದ್ದೇ. 1978ರ ಅಲ್ಮಾ ಆಟಾ ಘೋಷಣೆ ಪ್ರಾಥಮಿಕ ಆರೋಗ್ಯ ಸೇವೆಯೇ ಬುಡ ಅಂತ ಇಡೀ ಜಗತ್ತಿಗೆ ಸಾರಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೊಲೇಲಾದ ಕಥೆ. 1940ರಲ್ಲಿ ದಕ್ಷಿಣ ಆಫ್ರಿಕಾದ ಆ ಬಡ ಪ್ರದೇಶದಲ್ಲಿ ಸಿಡ್ನಿ ಕಾರ್ಕ್, ಎಮಿಲಿ ಕಾರ್ಕ್ ಅನ್ನುವ ವೈದ್ಯ ದಂಪತಿ ಕೇಂದ್ರ ಶುರು ಮಾಡಿದರು. ಔಷಧಿ ಕೊಟ್ಟು ಸುಮ್ಮನಾಗಲಿಲ್ಲ. ಮನೆ ಮನೆ ಲೆಕ್ಕ ತೆಗೆದರು, ಯಾವ ಮನೆಯಲ್ಲಿ ಮಕ್ಕಳು ಸೊರಗಿದ್ದಾರೆ ಅಂತ ನೋಡಿದರು, ತರಕಾರಿ ತೋಟ ಮಾಡಿಸಿದರು. ಅಲ್ಲಿಗೆ ವಿದ್ಯಾರ್ಥಿಯಾಗಿ ಹೋಗಿ ಕೆಲಸ ಕಲಿತವರು ಜ್ಯಾಕ್ ಗೈಗರ್. ಅವರು ಅಮೆರಿಕಕ್ಕೆ ಮರಳಿ, ಕೌಂಟ್ ಗಿಬ್ಸನ್ ಜೊತೆ ಸೇರಿ 1965ರಲ್ಲಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್‌ನಲ್ಲಿ, ಆಮೇಲೆ ಮಿಸಿಸಿಪ್ಪಿಯ ಮೌಂಡ್ ಬಯೂನಲ್ಲಿ ಕೇಂದ್ರ ತೆರೆದರು. ಮೌಂಡ್ ಬಯೂನಲ್ಲಿ ಮಕ್ಕಳಿಗೆ ಹಸಿವೇ ಕಾಯಿಲೆ. ವೈದ್ಯರು ಔಷಧಿ ಚೀಟಿಯಲ್ಲಿ ಆಹಾರ ಬರೆದರು. ಅಂಗಡಿಯವರು ದಿನಸಿ ಕೊಟ್ಟು ಬಿಲ್ಲನ್ನು ಕೇಂದ್ರಕ್ಕೆ ಕಳಿಸುತ್ತಿದ್ದರು. ಔಷಧಿಗೆ ಕೊಟ್ಟ ಹಣ ಇದಕ್ಕೆ ಯಾಕೆ ಅಂತ ಮೇಲಿನವರು ಕೇಳಿದಾಗ, ಅಪೌಷ್ಟಿಕತೆಗೆ ಪಠ್ಯಪುಸ್ತಕ ಹೇಳುವ ಮದ್ದು ಆಹಾರವೇ ಅನ್ನುವ ಅರ್ಥದಲ್ಲಿ ಗೈಗರ್ ಉತ್ತರ ಕೊಟ್ಟರು. ಬಾವಿ ತೋಡಿಸಿದರು, ಶೌಚಾಲಯ ಕಟ್ಟಿಸಿದರು, ಸಹಕಾರಿ ಕೃಷಿ ಮಾಡಿಸಿದರು. ಒಂದು ಆಸ್ಪತ್ರೆಯಿಂದ ಇಂಥ ಕೆಲಸ ನಿರೀಕ್ಷಿಸುತ್ತೀರಾ?

ತೀರದಹಾದಿ:

ಎಲ್ಲಾ ಓದಲು ಚೆನ್ನಾಗಿದೆ. ನನ್ನ ಅನುಭವ ಬೇರೆ.

ಮಗಳಿಗೆ ಮೂರು ದಿನ ಜ್ವರ ಇದ್ದಾಗ ನಾನು ಮೊದಲು ಹೋಗಿದ್ದು ಹತ್ತಿರದ ಕೇಂದ್ರಕ್ಕೇ. ಮೊದಲ ದಿನ ಡಾಕ್ಟರ್ ಇರಲಿಲ್ಲ, ಮೀಟಿಂಗ್ ಅಂದರು. ಎರಡನೇ ದಿನ ಇದ್ದರು, ರಕ್ತ ಪರೀಕ್ಷೆ ಮಾಡುವವರು ಇರಲಿಲ್ಲ. ಬರೆದ ಔಷಧಿ ಮುಗಿದಿತ್ತು. ಕೊನೆಗೆ ಒಂದು ಚೀಟಿ ಕೊಟ್ಟು ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಎರಡು ದಿನದ ಕೂಲಿ ಹೋಯಿತು, ಮಗುವಿನ ಜ್ವರ ಹಾಗೇ ಇತ್ತು. ಎರಡನೇ ಸಲ ನಾನು ಯಾಕೆ ಅಲ್ಲಿಗೆ ಹೋಗಲಿ? ಜನ ದೊಡ್ಡಾಸ್ಪತ್ರೆಗೆ ನುಗ್ಗುವುದು ದಡ್ಡತನದಿಂದ ಅಲ್ಲ. ಒಂದೇ ಸಲಕ್ಕೆ ಕೆಲಸ ಆಗಲಿ ಅಂತ.

ಸಂಜೆಡ್ಯೂಟಿ:

ನಾನು ಕೇಂದ್ರದಲ್ಲಿ ಕೆಲಸ ಮಾಡುವ ವೈದ್ಯೆ. ತೀರದಹಾದಿ ಅವರೇ, ನೀವು ಹೇಳಿದ್ದು ಸರಿ. ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಡಾಕ್ಟರ್, ಲ್ಯಾಬ್, ಔಷಧಿ, ಮೂರರಲ್ಲಿ ಒಂದು ಇಲ್ಲದಿದ್ದರೂ ರೋಗಿಯ ಲೆಕ್ಕದಲ್ಲಿ ಕೇಂದ್ರ ಮುಚ್ಚಿದ ಹಾಗೇ. ಜನ ಬರುವುದು ಬಿಡುತ್ತಾರೆ. ಬರುವವರು ಕಡಿಮೆ ಅಂತ ಮೇಲಿನವರು ಹುದ್ದೆ ತುಂಬುವುದಿಲ್ಲ, ಔಷಧಿ ಕಡಿಮೆ ಕಳಿಸುತ್ತಾರೆ. ಆಗ ಇನ್ನೂ ಕಡಿಮೆ ಜನ ಬರುತ್ತಾರೆ. ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ವೈದ್ಯರು 1971ರಲ್ಲಿ ಬರೆದ ಮಾತು ನೆನಪಾಗುತ್ತದೆ: ಒಳ್ಳೆಯ ಚಿಕಿತ್ಸೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ. ಅವರು ವೇಲ್ಸ್‌ನ ಗಣಿ ಕಾರ್ಮಿಕರ ಊರಲ್ಲಿ ಕೆಲಸ ಮಾಡಿದವರು, ಕಣ್ಣಾರೆ ಕಂಡು ಹೇಳಿದ್ದು.

ಮಳೆಹನಿ ಅವರ ಎರಡನೇ ಪ್ರಶ್ನೆಗೆ ಬರುತ್ತೇನೆ, ಅದು ಮುಖ್ಯ. ಎದೆ ಹಿಂಡಿದ ಹಾಗೆ ನೋವು, ಮುಖ ಒಂದು ಕಡೆ ಜೋತು ಬೀಳುವುದು, ಒಂದು ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋಲುವುದು, ಮಾತು ತೊದಲುವುದು, ನಿಲ್ಲದ ರಕ್ತಸ್ರಾವ, ಎಚ್ಚರ ತಪ್ಪುವುದು, ಉಸಿರಾಡಲು ಆಗದಿರುವುದು: ಇವಕ್ಕೆ ಆಂಬುಲೆನ್ಸ್ ಕರೆಯಿರಿ, ಸೌಲಭ್ಯ ಇರುವ ಆಸ್ಪತ್ರೆಗೇ ಹೋಗಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ನಮ್ಮಲ್ಲಿ ಕೂತು ಸಮಯ ಕಳೆಯಬೇಡಿ. ಅಕಸ್ಮಾತ್ ಅಂಥವರು ನಮ್ಮ ಬಾಗಿಲಿಗೇ ಬಂದರೆ ನಾವು ಮಾಡಬೇಕಾದ್ದು ಗುರುತಿಸುವುದು, ಇಸಿಜಿ ತೆಗೆಯುವುದು, ಮೊದಲ ಔಷಧಿ ಕೊಡುವುದು, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ "ಬರುತ್ತಿದ್ದಾರೆ, ತಯಾರಿರಿ" ಅನ್ನುವುದು.

ಉಳಿದದ್ದಕ್ಕೆ, ಅಂದರೆ ಬಿಪಿ, ಶುಗರ್, ಜ್ವರ, ಕೆಮ್ಮು, ಗರ್ಭಿಣಿಯ ತಪಾಸಣೆ, ಮಗುವಿನ ಲಸಿಕೆ, ಮನಸ್ಸಿಗೆ ಕಸಿವಿಸಿ, ಆಸ್ಪತ್ರೆಯಿಂದ ಬಂದ ಮೇಲಿನ ಆರೈಕೆ, ಇವಕ್ಕೆಲ್ಲಾ ಮೊದಲು ನಮ್ಮ ಹತ್ತಿರ ಬನ್ನಿ.

ದೊಡ್ಡವಾರ್ಡ್:

ನಾನು ಆಚೆ ಬದಿಯವನು. ದೊಡ್ಡ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಕೆಲಸ. ಮಳೆಹನಿ ಅವರ ತಂದೆಗೆ ಆದದ್ದರಲ್ಲಿ ನಮ್ಮಂಥವರ ಪಾಲು ದೊಡ್ಡದು. ಅದನ್ನು ಬಿಚ್ಚಿ ಹೇಳುತ್ತೇನೆ.

ನಾವು ಡಿಸ್ಚಾರ್ಜ್ ಸಮ್ಮರಿ ಬರೆಯುವುದು ಹೇಗೆ ಅಂದರೆ, ಓದುವವರು ಇನ್ನೊಬ್ಬ ತಜ್ಞರು ಅನ್ನುವ ಹಾಗೆ. ನಾಲ್ಕು ಪುಟ ಲ್ಯಾಬ್ ವರದಿ. ಕೊನೆಯಲ್ಲಿ ಮಾತ್ರೆಗಳ ಪಟ್ಟಿ. "ಮೊದಲು ತಗೊಳ್ಳುತ್ತಿದ್ದ ಈ ಮಾತ್ರೆ ನಿಲ್ಲಿಸಿದ್ದೇವೆ" ಅನ್ನುವ ಒಂದು ಸಾಲು ಎಷ್ಟೋ ಸಲ ಇರುವುದಿಲ್ಲ. ಆ ಕಾಗದ ಕೇಂದ್ರಕ್ಕೆ ಹೋಗುವುದೂ ಇಲ್ಲ, ಮನೆಯ ಬೀರು ಸೇರುತ್ತದೆ. ಕೇಂದ್ರದಿಂದ ನಮಗೆ ಬರುವ ರೆಫರಲ್ ಚೀಟಿಯೂ ಹಾಗೇ. "ಹೆಚ್ಚಿನ ಚಿಕಿತ್ಸೆಗಾಗಿ" ಅಂತ ಎರಡು ಪದ, ಒಂದು ಸೀಲು. ಏನು ಕೊಟ್ಟಿದ್ದೀರಿ, ಯಾವಾಗಿಂದ ತೊಂದರೆ, ಯಾವುದಕ್ಕೆ ಅಲರ್ಜಿ, ಏನೂ ಇಲ್ಲ. ನಾವು ಮತ್ತೆ ಮೊದಲಿಂದ ಶುರು ಮಾಡುತ್ತೇವೆ.

ಕಳೆದ ವಾರದ ಒಬ್ಬ ರೋಗಿಯ ಬಗ್ಗೆ ಹೇಳಲೇಬೇಕು. ಹದಿನೈದು ವರ್ಷದಿಂದ ಶುಗರ್. ಚಪ್ಪಲಿ ಕಚ್ಚಿದ ಗಾಯ ಗೊತ್ತೇ ಆಗಿಲ್ಲ, ಯಾಕೆಂದರೆ ಪಾದದಲ್ಲಿ ಸ್ಪರ್ಶವೇ ಇಲ್ಲ. ಸಾಕ್ಸಿಗೆ ಕೀವು ಅಂಟಿದಾಗ ಮನೆಯವರು ನೋಡಿದ್ದಾರೆ. ನಮ್ಮ ಹತ್ತಿರ ಬರುವಷ್ಟರಲ್ಲಿ ಎರಡು ಬೆರಳು ಕಪ್ಪಾಗಿದ್ದವು. ತೆಗೆದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಎಲ್ಲರೂ ಹೊಗಳಿದರು. ಆದರೆ ಆ ಬೆರಳು ಉಳಿಸುವ ಸಾಧನ ಒಂದು ನೈಲಾನ್ ಎಳೆ. ಪಾದದ ಕೆಲವು ಜಾಗದಲ್ಲಿ ಅದನ್ನು ಬಾಗುವಷ್ಟು ಒತ್ತಬೇಕು, ರೋಗಿ ಕಣ್ಣು ಮುಚ್ಚಿಕೊಂಡು "ಗೊತ್ತಾಯಿತು" ಅನ್ನಬೇಕು. ಕೆಲವೇ ನಿಮಿಷ. ಗೊತ್ತಾಗದಿದ್ದರೆ ಆವತ್ತೇ ಚಪ್ಪಲಿ ಬದಲಾಯಿಸಿ, ದಿನಾ ರಾತ್ರಿ ಪಾದ ನೋಡಿಕೊಳ್ಳಿ ಅಂತ ಹೇಳಬಹುದಿತ್ತು. ಈ ಕೆಲಸ ನನ್ನ ವಾರ್ಡಿನಲ್ಲಿ ಆಗುವುದಲ್ಲ. ಅವರು ಪ್ರತಿ ತಿಂಗಳು ಮಾತ್ರೆ ತಗೊಳ್ಳುವ ಜಾಗದಲ್ಲಿ ಆಗಬೇಕು.

ನನ್ನ ವಾರ್ಡಿನ ಎಷ್ಟು ಹಾಸಿಗೆಯಲ್ಲಿ ಇಂಥವರೇ ಇದ್ದಾರೆ ಅಂತ ಯೋಚಿಸಿದರೆ ಸಂಕಟ ಆಗುತ್ತದೆ. ಆಸ್ತಮಾ, ಬಿಪಿ, ಶುಗರ್, ಮೊದಲೇ ಹಿಡಿತದಲ್ಲಿದ್ದರೆ ಬರುವ ಅಗತ್ಯವೇ ಇಲ್ಲದವರು.

ಸುಮ್ನೆಓದುವವ:

ಒಂದು ಸಂದೇಹ. ಹಾಗಾದರೆ ಕೇಂದ್ರದ ಚೀಟಿ ಇಲ್ಲದೆ ದೊಡ್ಡಾಸ್ಪತ್ರೆಯಲ್ಲಿ ನೋಡಬಾರದು ಅಂತ ಕಡ್ಡಾಯ ಮಾಡಿದರೆ ಸರಿ ಹೋಗುತ್ತಾ?

ತೀರದಹಾದಿ:

ಕೇಂದ್ರದಲ್ಲಿ ಡಾಕ್ಟರೇ ಇಲ್ಲದಿದ್ದಾಗ ಕಡ್ಡಾಯ ಮಾಡಿದರೆ ಬಾಗಿಲಿಗೆ ಇನ್ನೊಂದು ಬೀಗ ಹಾಕಿದ ಹಾಗೆ.

ಹಳೇಪುಟ:

ಒಪ್ಪುತ್ತೇನೆ. ಕಡ್ಡಾಯ ಮಾಡಿದ ದೇಶಗಳಿವೆ. ಬ್ರಿಟನ್ನಿನಲ್ಲಿ, ನಾರ್ವೆಯಲ್ಲಿ ಸಾಮಾನ್ಯವಾಗಿ ಕುಟುಂಬ ವೈದ್ಯರ ಮೂಲಕವೇ ತಜ್ಞರ ಹತ್ತಿರ ಹೋಗಬೇಕು. ಆದರೆ ಅಲ್ಲಿ ಪ್ರತಿಯೊಬ್ಬರ ಹೆಸರೂ ಒಬ್ಬ ವೈದ್ಯರ ಪಟ್ಟಿಯಲ್ಲೋ ಒಂದು ಕ್ಲಿನಿಕ್ಕಿನಲ್ಲೋ ಇರುತ್ತದೆ. ನಾರ್ವೆಯಲ್ಲಿ 45 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ ಮಾಡಿದ ಅಧ್ಯಯನ 2022ರಲ್ಲಿ ಅಚ್ಚಾಯಿತು. ಒಂದೇ ವೈದ್ಯರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಇದ್ದವರನ್ನು ಒಂದೇ ವರ್ಷ ಇದ್ದವರ ಜೊತೆ ಹೋಲಿಸಿದರು. ತುರ್ತಾಗಿ ಆಸ್ಪತ್ರೆ ಸೇರುವ ಸಂಭವ ಶೇ. 28 ಕಡಿಮೆ, ಸಾವಿನ ಸಂಭವ ಶೇ. 25 ಕಡಿಮೆ. ಅದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ, ಪರಿಚಯ ಇತ್ತು.

ಬಡ ದೇಶಗಳಿಗೆ ಇದು ಆಗಲ್ಲ ಅನ್ನುವವರಿಗೆ: ಕೋಸ್ಟಾ ರೀಕಾ 1990ರ ದಶಕದಲ್ಲಿ ಸುಮಾರು 4,000 ಜನರಿಗೆ ಒಂದು ತಂಡ ಅಂತ ಇಡೀ ದೇಶವನ್ನು ಹಂಚಿಕೊಂಡಿತು. ಬ್ರೆಜಿಲ್ 1994ರಲ್ಲಿ ಕುಟುಂಬ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಅಲ್ಲಿ ವೈದ್ಯರು, ನರ್ಸ್ ಜೊತೆಗೆ ಅದೇ ಬೀದಿಯ ಆರೋಗ್ಯ ಕಾರ್ಯಕರ್ತೆ ಇರುತ್ತಾರೆ. ತಿಂಗಳಿಗೊಮ್ಮೆ ಪ್ರತಿ ಮನೆಗೆ ಹೋಗಬೇಕು, ಕಾಯಿಲೆ ಇರಲಿ ಇಲ್ಲದಿರಲಿ.

ಮನೆಮನೆ:

ನಾನು ಅಂಥ ಕಾರ್ಯಕರ್ತೆಯೇ. ಜಾಸ್ತಿ ಬರೆಯಲು ಬರುವುದಿಲ್ಲ, ಒಂದು ವಿಷಯ ಹೇಳುತ್ತೇನೆ. ಒಬ್ಬ ಬಾಣಂತಿಯ ಮನೆಗೆ ಮೂರು ಸಲ ಹೋದೆ. ಮೊದಲ ಸಲ ಮಗುವಿಗೆ ಹಾಲು ಕುಡಿಸುತ್ತಿದ್ದಳು, ಮಾತಾಡಿದಳು. ಎರಡನೇ ಸಲ ಮಾತು ಕಡಿಮೆ. ಮೂರನೇ ಸಲ ಮಧ್ಯಾಹ್ನ ಎರಡು ಗಂಟೆಗೆ ಕಿಟಕಿ ಎಲ್ಲಾ ಮುಚ್ಚಿತ್ತು. ಮಗು ಅಳುತ್ತಿದ್ದರೂ ಅವಳು ಗೋಡೆ ನೋಡುತ್ತಿದ್ದಳು. ತೂಕ ಸರಿ, ಬಿಪಿ ಸರಿ, ಹೊಲಿಗೆ ಒಣಗಿತ್ತು. ಕಾಗದದಲ್ಲಿ ಎಲ್ಲಾ ಸರಿ. ನಾನು ಅವತ್ತು ಅಲ್ಲೇ ಕೂತು ಡಾಕ್ಟರ್ ಮೇಡಂಗೆ ಫೋನ್ ಮಾಡಿದೆ. ಈಗ ಅವಳು ಹುಷಾರಾಗಿದ್ದಾಳೆ. ಮೊದಲೆರಡು ಸಲ ಹೋಗಿರದಿದ್ದರೆ ಮೂರನೇ ಸಲ ನನಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಸಿಸ್ಟರ್22:

ಮನೆಮನೆ ಅವರೇ, ನಿಮ್ಮಂಥವರು ಇಲ್ಲದಿದ್ದರೆ ನನ್ನ ರಿಜಿಸ್ಟರ್ ಬರೀ ಕಾಗದ. ನೀವು ಚೆನ್ನಾಗಿಯೇ ಬರೆದಿದ್ದೀರಿ.

ಸುಮ್ನೆಓದುವವ:

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ತೆಗೆದ ಬೆರಳಿಗೆ ಬಿಲ್ಲು ಇದೆ, ಉಳಿದ ಬೆರಳಿಗೆ ಬಿಲ್ಲು ಇಲ್ಲ. ಹಾಗಿರುವಾಗ ಕೇಂದ್ರಕ್ಕೆ ಯಾರು ದುಡ್ಡು ಕೊಡುತ್ತಾರೆ?

ಸಂಜೆಡ್ಯೂಟಿ:

ಮುಖ್ಯ ಪ್ರಶ್ನೆ. ಮಾಡಿದ ಒಂದೊಂದು ಕೆಲಸಕ್ಕೂ ಹಣ ಅಂತಾದರೆ ತಡೆಗಟ್ಟುವ ಕೆಲಸ ಯಾವಾಗಲೂ ಸೋಲುತ್ತದೆ. ಅದಕ್ಕೇ ಕೆಲವು ದೇಶಗಳು ತಲೆಗೆ ಇಷ್ಟು ಅಂತ ಕೊಡುತ್ತವೆ. ನಿನ್ನ ಪಟ್ಟಿಯಲ್ಲಿ ಇಷ್ಟು ಜನ ಇದ್ದಾರೆ, ಅವರನ್ನು ನೋಡಿಕೋ ಅಂತ. ಅದರಲ್ಲೂ ಅಪಾಯ ಇದೆ, ಕಡಿಮೆ ನೋಡಿದರೂ ಹಣ ಬರುತ್ತದೆ. ಹಾಗಾಗಿ ಎರಡನ್ನೂ ಬೆರೆಸುತ್ತಾರೆ. ಇನ್ನೊಂದು ದಾರಿ, ಜನರ ಕೈಗೇ ಲಗಾಮು ಕೊಡುವುದು. ಅಮೆರಿಕದಲ್ಲಿ ಸರ್ಕಾರದ ಅನುದಾನ ಪಡೆಯುವ ಸಮುದಾಯ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸದಸ್ಯರು ಅಲ್ಲೇ ಚಿಕಿತ್ಸೆ ಪಡೆಯುವ ರೋಗಿಗಳಾಗಿರಬೇಕು ಅಂತ ನಿಯಮ ಇದೆ. ತೀರದಹಾದಿ ಅವರಂಥವರು ಅಂಥ ಮಂಡಳಿಯಲ್ಲಿ ಕೂತರೆ ಮೊದಲ ದಿನವೇ ಲ್ಯಾಬಿನ ಪ್ರಶ್ನೆ ಬರುತ್ತದೆ.

ತೀರದಹಾದಿ:

ಲ್ಯಾಬಿಗಿಂತ ಮೊದಲು ಸಮಯ ಕೇಳುತ್ತೇನೆ ಮೇಡಂ. ಕೆಲಸಕ್ಕೆ ಹೋಗುವವರು ಬರುವುದು ಸಂಜೆ. ಬಾಗಿಲು ಹಾಕುವುದು ಅದಕ್ಕೂ ಮೊದಲು. ವಾರದಲ್ಲಿ ಎರಡು ದಿನವಾದರೂ ಸಂಜೆ ಏಳರವರೆಗೆ ತೆರೆದಿದ್ದರೆ ನಾನು ಮತ್ತೆ ಬರುತ್ತೇನೆ. ಇದು ಸಿಟ್ಟಿನಿಂದ ಹೇಳುತ್ತಿಲ್ಲ.

ಸಂಜೆಡ್ಯೂಟಿ:

ನಮ್ಮಲ್ಲಿ ಹಾಗೆ ಶುರು ಮಾಡಿದ ಮೇಲೆಯೇ ಕೆಲಸಕ್ಕೆ ಹೋಗುವ ಗಂಡಸರು ಬಿಪಿ ನೋಡಿಸಲು ಬಂದದ್ದು. ಅದಕ್ಕೂ ಮೊದಲು ಅವರ ಮುಖವೇ ನೋಡಿರಲಿಲ್ಲ. ನೀವು ಕೇಳುತ್ತಿರುವುದು ನ್ಯಾಯ.

ಮಳೆಹನಿ:

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ದೊಡ್ಡವಾರ್ಡ್ ಸರ್, ನೀವು ಅಷ್ಟು ನೇರವಾಗಿ ಹೇಳಿದ್ದು ನೋಡಿ ಮನಸ್ಸು ಹಗುರಾಯಿತು. ಇಷ್ಟು ದಿನ ತಪ್ಪು ನನ್ನದೇ ಅಂತ ಒಳಗೊಳಗೇ ಕೊರಗುತ್ತಿದ್ದೆ.

ನಿನ್ನೆ ಅಪ್ಪನ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಕೇಂದ್ರಕ್ಕೆ ಕೊಟ್ಟು ಬಂದೆ. ನರ್ಸ್ ಅದನ್ನು ಅಪ್ಪನ ಹೆಸರಿನ ಹೊಸ ಫೈಲಿಗೆ ಹಾಕಿದರು. ತಿಂಗಳಿಗೊಮ್ಮೆ ಬಿಪಿ ಅಲ್ಲೇ, ಆರು ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆ ಅಂತ ಡಾಕ್ಟರ್ ಬರೆದಿದ್ದಾರೆ. ಈಗ ಅಪ್ಪನ ಜೇಬಿನಲ್ಲಿ ಇಡಲು ಒಂದು ಹಾಳೆ ಮಾಡುತ್ತಿದ್ದೇನೆ, ಎರಡೂ ಕಡೆ ತೋರಿಸಲು. ಅದರಲ್ಲಿ ಏನೇನು ಬರೆಯಬೇಕು?

ದೊಡ್ಡವಾರ್ಡ್:

ಮಾತ್ರೆಯ ಕಂಪನಿ ಹೆಸರಿನ ಜೊತೆ ಒಳಗಿರುವ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾತಕ್ಕೆ. ನಿಲ್ಲಿಸಿದ ಮಾತ್ರೆ ಯಾವುದು, ಯಾಕೆ ನಿಲ್ಲಿಸಿದರು. ಅಲರ್ಜಿ ಇದ್ದರೆ ಮೇಲೆಯೇ ದಪ್ಪಗೆ. ನಿಮ್ಮ ತಂದೆ ತಗೊಳ್ಳುವ ಮಾತ್ರೆಗೆ ಆಗಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ಅಂಕಿ), ಪೊಟ್ಯಾಸಿಯಂ ನೋಡಬೇಕು, ಕೊನೆಯ ಸಲದ ಅಂಕಿ ಬರೆದಿಡಿ. ಒಂದೇ ಪುಟ ಇರಲಿ. ಎರಡಾದರೆ ನಮ್ಮ ಓಪಿಡಿ ಗಡಿಬಿಡಿಯಲ್ಲಿ ಯಾರೂ ತಿರುಗಿಸುವುದಿಲ್ಲ.

ಸಿಸ್ಟರ್22:

ಹಾಳೆಗೆ ತಾರೀಖು ಹಾಕಿ. ಮಾತ್ರೆ ಬದಲಾದಾಗ ಹೊಸ ಹಾಳೆ ಬರೆದು, ಹಳೆಯದನ್ನು ಅವತ್ತೇ ಹರಿದು ಹಾಕಿ. ಆಮೇಲೆ ಆ ಹಳೇ ಮಾತ್ರೆ ಡಬ್ಬಿಯನ್ನೂ ತಂದು ನರ್ಸ್ ಕೈಗೆ ಕೊಟ್ಟುಬಿಡಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ.